ತಲೆಯೊಳಗಿನ ವೈರ್

೧೪ ನವೆಂಬರ್ ೨೦೦೪, ಭಾನುವಾರ

ಬುಧವಾರ ಅಪ್ಪನ ಮೆದುಳಿನೊಳಗೆ ವೈರ್ ಇಡುತ್ತಾರೆ. ಕೈನಡುಕ ನಿಲ್ಲಿಸಲು ಇನ್ನು ಬೇರೆ ದಾರಿ ಇಲ್ಲವಂತೆ.

ಇದನ್ನು ಮರೆಯೋಣವೆಂದೇ ಮಧ್ಯಾಹ್ನ ವೆಸ್ಟ್ ಮಾಂಬಲಂ ಬಡಾವಣೆಯ ಸಮೀರನ ಮನೆಗೆ ಹೋದೆ. ವಾರವಾರ ಅಲ್ಲಿ ಸೇರಿ ನಾವು ಗೆಳೆಯರು ನೋಡುವ ಬಾಹ್ಯಾಕಾಶದ ಧಾರಾವಾಹಿಯಲ್ಲಿ ಪೈಲಟ್‌ನ ತಲೆಗೇ ನೌಕೆಯನ್ನು ಜೋಡಿಸಿದ್ದಾರೆ. ಅವನು ಅಂದುಕೊಂಡರೆ ಸಾಕು, ನೌಕೆ ತಿರುಗುತ್ತದೆ. ಅದು ಹೇಗೆ ಸಾಧ್ಯ ಎಂದು ಇವತ್ತೂ ಜಗಳ.

"ವೈರ್ ಅವನ ಯೋಚನೆ ಕೇಳಿಸ್ಕೊಳ್ಳತ್ತೆ, ಅಷ್ಟೇ," ಎಂದಳು ಶ್ರೀಪ್ರಿಯಾ.

"ಪೋಡೀ, ಹೋಗೇ! ಕೇಳಿಸ್ಕೊಳ್ಳೋ ವೈರ್ ತಿರುಗಿ ಏನೂ ಹೇಳಲ್ವಾ?" ಎಂದ ಸಮೀರ. "ವೈರ್ ಹಾಕಿದ್ಮೇಲೆ ಆ ಪೈಲಟ್ ಹೆಂಡತಿ ಹತ್ರ ನಗೋದೇ ಇಲ್ಲ, ಗಮನಿಸಿದ್ಯಾ? ಅದು ಅವನಿಗೇ ಗೊತ್ತಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಅಪ್ಪನ ವಿಷಯ ಅವರಾರಿಗೂ ಹೇಳಿಲ್ಲ.

ಮನೆಗೆ ಬಂದಾಗ ಅಪ್ಪ ಆಸ್ಪತ್ರೆಯ ಒಪ್ಪಿಗೆ ಪತ್ರ ಹಿಡಿದು ಕೂತಿದ್ದರು. ಕೈಯೊಂದಿಗೆ ಕಾಗದವೂ ನಡುಗುತ್ತಿತ್ತು. ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದರು. ತಡೆಯಲಾರದೆ ಸಮೀರ ಅಂದದ್ದನ್ನು ಹೇಳಿಬಿಟ್ಟೆ. ಅವರು ನಗಲಿಲ್ಲ.

"ಸರಿಯಾಗೇ ಹೇಳಿದಾನೆ ವಿಭಾ. ನಾನು ಬದಲಾದ್ರೆ ನನಗೆ ಗೊತ್ತಾಗಲ್ಲ. ನೀನೇ ಹೇಳ್ಬೇಕು. ಮುಚ್ಚಿಡಬೇಡ."

"ಹೇಳ್ತೀನಪ್ಪಾ," ಎಂದೆ. ಅವರ ಸಹಿಯ ಕೆಳಗೆ ನನ್ನದನ್ನೂ ಹಾಕಿದೆ.

ಆಗಿನಿಂದ ಅವರು ಹೇಗೆ ಸಿಡುಕುತ್ತಾರೆ, ನನ್ನನ್ನು ಹೇಗೆ ಕರೆಯುತ್ತಾರೆ, ಎಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳಲು ನೋಡುತ್ತಿದ್ದೇನೆ. ಅಮ್ಮನೂ ಇಲ್ಲದ ಮನೆಯಲ್ಲಿ ಗುರುತಿಸಬೇಕಾದವಳು ನಾನೊಬ್ಬಳೇ. ಇಪ್ಪತ್ತನಾಲ್ಕು ವರ್ಷ ನೋಡಿದ ಮುಖ. ಈಗ ಕಣ್ಣು ಮುಚ್ಚಿದರೆ ಅದೇ ಸರಿಯಾಗಿ ಬರುತ್ತಿಲ್ಲ. ಪಕ್ಕದ ಕೋಣೆಗೆ ಹೋಗಿ ಇನ್ನೊಮ್ಮೆ ಅಪ್ಪನನ್ನು ನೋಡಿ ಬರುತ್ತೇನೆ.