ಬಚ್ಚಲ ಬಾಗಿಲಿನ ಬೂಸ್ಟು

೮ ಸೆಪ್ಟೆಂಬರ್ ೧೯೫೭, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ

ಅಕ್ಕನಾಗಮ್ಮನ ನೀರು ಮುಗಿಯಿತು. ಇವತ್ತು ಎರಡು ಹಂಡೆ. ನಾನೇ ಹಾಕಿದೆ. ಬಾಣಂತಿ ಮಗಳ ಮೈಗೆ ತಾಯಿಯ ಕೈನೀರೇ ಆಗಬೇಕು. ಕೂಸಿಗೆ ಐವತ್ತೆಂಟು ದಿನ ತುಂಬಿತು. ಬಚ್ಚಲ ಬಾಗಿಲಿನ ಸಂದಿಗೆ ಹಳೆ ಸೀರೆಯ ಚಿಂದಿ ತುರುಕಿದ್ದೇನೆ, ಮೇಲೆ ಕೆಳಗೆ ಎಲ್ಲ. ಒಂದೆಳೆ ಗಾಳಿ ನುಸುಳುವುದಿಲ್ಲ. ನನ್ನ ಅವ್ವ ನನಗೂ ಹೀಗೆಯೇ ಮಾಡಿದ್ದಳು.

ಬಾಗಿಲಿನ ಒಳಮೈಗೆ ಮತ್ತೆ ಕಪ್ಪು ಚುಕ್ಕೆ. ಕೆಳಗಡೆ ಬಿಳಿ ಬೂಸ್ಟು, ಹಿಂಜಿದ ಅರಳೆಯ ಹಾಗೆ. ಹತ್ತು ದಿನದಿಂದ ಬಿಸಿಲು ಕಂಡಿಲ್ಲ. ನಾಳೆ ಸೋಮವಾರ, ಸೆಗಣಿ ಬಳಿಯಬೇಕು.

ಅಕ್ಕನಾಗ ಹೊರಗೆ ಬಂದ ಮೇಲೆ ಕೆಮ್ಮಿದಳು. ನೀರು ಮೂಗಿಗೆ ಹೋಗಿರಬೇಕು.

೯, ಸೋಮವಾರ

ಲಿಂಗಪೂಜೆ ಮುಗಿಸಿ ಬಾಗಿಲನ್ನು ತಿಕ್ಕಿ ತೊಳೆದೆ. ಸೆಗಣಿಯಲ್ಲಿ ಅರಿಸಿನ ಕಲಸಿ ಒಳಗೂ ಹೊರಗೂ ಬಳಿದೆ. ಮೇಲೆ ಮೂರು ಬೆರಳು ವಿಭೂತಿ ಎಳೆದೆ. ಯಜಮಾನರು ಹತ್ತಿ ಅಂಗಡಿಗೆ ಹೊರಡುವವರು ನಿಂತು ನಕ್ಕರು.

"ಏನ ಇದು, ಬಚ್ಚಲಕ್ಕೂ ದೀಕ್ಷಾ ಕೊಟ್ಟಿಯೇನು?"

ನಗಲಿ. ಬಾಣಂತಿ ಹೋಗಿ ಬರುವ ಬಾಗಿಲು.

೧೪, ಶನಿವಾರ

ಕೆಮ್ಮು ಬಿಟ್ಟಿಲ್ಲ. ಒಣ ಕೆಮ್ಮು. ಬಂದರೆ ಎದೆ ಹಿಡಿದುಕೊಂಡು ಕೂರುತ್ತಾಳೆ. ಶುಂಠಿ ಆಯಿತು, ಮೆಣಸಿನ ಕಷಾಯ ಆಯಿತು. ಜ್ವರವಿಲ್ಲ. ಹೊಟ್ಟೆ ತುಂಬ ಉಣ್ಣುತ್ತಾಳೆ, ಹಾಲೂ ಇದೆ.

ಯಜಮಾನರು ಡಾಕ್ಟರನ್ನು ಮನೆಗೇ ಕರೆಸಿದರು. ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಕಾಣಿಸಲ್ಲ, ಆದರೂ ಖಾತ್ರಿಗೆ ಬಳ್ಳಾರಿಯಲ್ಲಿ ಎಕ್ಸ್‌ರೇ ತೆಗೆಸಿಬಿಡಿ ಅಂದರು. ಎಕ್ಸ್‌ರೇ ಅಂದ ಕೂಡಲೇ ಎದ್ದು ಬೀದಿಬಾಗಿಲು ಮುಚ್ಚಿದೆ. ಯಾರಾದರೂ ಕೇಳಿಸಿಕೊಂಡರೇ... ಆ ಮಾತು ಬೀಗರ ಊರು ಆಲೂರು ಮುಟ್ಟಲು ಒಂದು ದಿನ ಸಾಕು. ಅಕ್ಕನಾಗನ ಅತ್ತೆ ಶಂಕರಮ್ಮ ತನ್ನ ಸ್ವಂತ ಮಗಳನ್ನು ಕ್ಷಯದಲ್ಲಿ ಕಳೆದುಕೊಂಡವಳು. ಎರಡು ವರ್ಷ ಕೆಮ್ಮಿ ಕೆಮ್ಮಿ ಹೋಯಿತು ಆ ಹುಡುಗಿ. ಅಂದಿನಿಂದ ಆಕೆಗೆ ಕೆಮ್ಮಿನ ಸದ್ದು ಕೇಳಿದರೆ ಆಗದು. ಬಾಗಿಲಿಗೆ ಬಂದವರು ಕೆಮ್ಮಿದರೂ ಒಳಗೆ ಕರೆಯುವುದಿಲ್ಲ.

ಬಳ್ಳಾರಿಗೆ ಹೋಗಲಿಲ್ಲ. ಬೇಡ ಅಂದವಳು ನಾನೇ.

೧೭, ಮಂಗಳವಾರ

ಆಲೂರಿನಿಂದ ಕಾಗದ. ಶಂಕರಮ್ಮ ಸೋಮವಾರ ಬರುತ್ತಾಳಂತೆ. ಮೂರನೇ ತಿಂಗಳು ನಡೆದಿದೆ, ಒಳ್ಳೆ ದಿನ ನೋಡಿ ಸೊಸೆಯನ್ನೂ ಮೊಮ್ಮಗನನ್ನೂ ಕರೆದೊಯ್ಯುತ್ತಾಳಂತೆ.

ಇನ್ನು ಆರು ದಿನ. ಕೆಮ್ಮು ಹಾಗೇ ಇದೆ. ನನಗೂ ಗಂಟಲು ಕೆರೆತ. ಮಗಳದೇ ನನಗೂ ಹತ್ತಿತೋ ಏನೋ... ಈ ಮಾತು ಯಾರ ಮುಂದೆಯೂ ಆಡಿಲ್ಲ.

೧೯, ಗುರುವಾರ

ಇವತ್ತು ಆದದ್ದು ಬರೆದಿಡಬೇಕು.

ನೀರು ಹಾಕಿ, ಲೋಬಾನದ ಕೆಂಡ ತರಲು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ, ಗಾಳಿ ಹೋಗಬಾರದಲ್ಲ. ತಿರುಗಿ ಬಂದು ನೂಕಿದರೆ ತೆರೆಯದು. ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗೆ ಕೆಮ್ಮು. ಒಂದರ ಮೇಲೊಂದು.

"ಅವ್ವಾ, ತೆಗೀ... ಉಸಿರು ಸಿಗವಲ್ದು..."

ಭುಜ ಕೊಟ್ಟು ಗುದ್ದಿದೆ. ಶಿವಾ ಶಿವಾ ಅನ್ನುತ್ತ ಗುದ್ದಿದೆ. ಕೆಳಗಿನ ಹಲಗೆ ಮೆತ್ತಗೆ, ನೆನೆದ ರೊಟ್ಟಿಯ ಹಾಗೆ ಮುರಿದು ಒಳಗೆ ಬಿತ್ತು. ಅಕ್ಕನಾಗ ನೆಲಕ್ಕೆ ಕೂತಿದ್ದಳು, ತುಟಿ ನೀಲಿ. ಅಂಗಳಕ್ಕೆ ಎಳೆತಂದೆ. ಗಾಳಿಯಲ್ಲೇ, ಒದ್ದೆ ಮೈಯಲ್ಲೇ. ಅರ್ಧ ತಾಸಿಗೆ ಕೆಮ್ಮು ನಿಂತಿತು. ಆ ಗಾಳಿಯಲ್ಲಿ ನಿಂತಿತು — ಇದು ತಲೆಯಲ್ಲಿ ಕೂತುಬಿಟ್ಟಿದೆ.

೨೦, ಶುಕ್ರವಾರ

ಬಡಗಿ ಚಿನ್ನಪ್ಪ ಬಂದ. ಸಂದಿಯಿಂದ ಚಿಂದಿ ಎಳೆದ. ಕಪ್ಪಗೆ, ಲೋಳೆ ಲೋಳೆ, ಹೊಲಸು ನಾತ. ಹಿಂದೆ ಕಿವಿಯಂಥ ಅಣಬೆ ಸಾಲಾಗಿ ಎದ್ದಿದ್ದವು. ಉಳಿಯಿಂದ ಒಮ್ಮೆ ಕೆರೆದ. ಹಸಿರು ಹುಡಿ ಎದ್ದಿತು. ಚಿನ್ನಪ್ಪ ಕೆಮ್ಮಿದ. ನಾನೂ ಕೆಮ್ಮಿದೆ.

"ಅಮ್ಮಾ, ಇದು ಮಾವಿನ ಹಲಗಿ. ನೀರಿಗೆ ತಡೆಯಂಗಿಲ್ಲ. ಅದ್ರಾಗ ನೀವು ಚಿಂದಿ ಜಡದು ಒಣಗಾಕೇ ಬಿಟ್ಟಿಲ್ಲ. ಮ್ಯಾಲೆ ಇದೇನು, ಸೆಗಣ್ಯಾ?"

"ಸೋಮವಾರಕ್ಕೊಮ್ಮೆ ಬಳೀತೀನಿ."

"ಅಯ್ಯಯ್ಯೋ! ಅಣಬಿಗೆ ಗೊಬ್ಬರಾ ಹಾಕೀರಲ್ಲಮ್ಮಾ! ಹೊಲಕ್ಕ ಹಾಕಿದ್ರ ಬೆಳಿನಾರ ಬರ್ತಿತ್ತು."

ನಗಿಸಲು ಅಂದ. ನನಗೆ ನಗು ಬರಲಿಲ್ಲ. ನನ್ನ ಬಾಣಂತಿ ಮಗಳು ದಿನಾ ಬಾಗಿಲು ಮುಚ್ಚಿಕೊಂಡು, ಹಬೆಯಲ್ಲಿ, ಈ ಹುಡಿ ಕುಡಿದಿದ್ದಾಳೆ. ಕುಡಿಸಿದವಳು ನಾನು. ಎರಡು ತಿಂಗಳು, ಪ್ರೀತಿಯಿಂದ.

ಬಾಗಿಲು ಕಳಚಿ ಅಂಗಳದ ಗೋಡೆಗೆ ಒರಗಿಸಿದ. ಉಳಿದ ಹಲಗೆ ಕೆರೆದು ಮೈಲುತುತ್ತದ ನೀರು ಹೊಡೆದರೆ ಕೆಲವು ದಿನ ಬಂದೀತು, ಆದರೆ ಬೇವಿನ ಹಲಗೆಯಲ್ಲಿ ಹೊಸದು ಮಾಡಿಸುವುದೇ ಸರಿ ಅಂದ. ಸದ್ಯಕ್ಕೆ ಕೆರೆಯಬೇಡ ಅಂದೆ. ಮನೆಯಲ್ಲಿ ಕೂಸಿದೆ, ಹುಡಿ ಏಳಬಾರದು.

೨೧, ಶನಿವಾರ

ಬಾಗಿಲ ಜಾಗಕ್ಕೆ ಗೋಣಿತಾಟು. ಬಿಸಿಲೇರಿದ ಮೇಲೆ ನೀರು ಹಾಕಿದೆ. ತಾಟು ಗಾಳಿಗೆ ಪಟಪಟ ಅನ್ನುವಾಗೆಲ್ಲ ನೀರು ಹಾಕುವುದು ಬಿಟ್ಟು ಅದರ ಅಂಚು ಹಿಡಿಯುತ್ತೇನೆ. ಗಾಳಿ ತಗುಲಿ ಸನ್ನಿ ಹಿಡಿದರೆ? ಅಕ್ಕನಾಗ ಬೆನ್ನು ಬಗ್ಗಿಸಿ ಕೂತವಳು ನನ್ನ ಮುಖ ನೋಡಿ,

"ಹಾಕವ್ವಾ ನೀರು. ಗಾಳಿ ಕಾಯಾಕ ನಿಂತರ ನೀರು ಆರ್ತದ" ಅಂದಳು.

ಎರಡು ಸಲ ಕೆಮ್ಮಿದಳು. ನಿನ್ನೆ ಏಳು.

೨೩, ಸೋಮವಾರ. ಸಂಜೆ

ಬೀಗಿತಿ ಶಂಕರಮ್ಮ ಬಂದಳು. ಕೂಸನ್ನು ತೊಡೆಗೆ ಹಾಕಿಕೊಂಡು ಕಣ್ಣೀರು ತೆಗೆದಳು. ಆಮೇಲೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತಳು.

"ಇದೇನ್ ತಂಗೀ? ಬಾಣಂತಿ ನೀರು ಹಾಕ್ಕೊಳ್ಳೋ ಬಚ್ಚಲಕ್ಕ ತಾಟಾ? ಹತ್ತಿ ಯಾಪಾರದ ಮನ್ಯಾಗ ಒಂದು ಬಾಗಿಲಿಗೆ ಬರಾ ಬಂತಾ?"

ಅಷ್ಟರಲ್ಲಿ ಒಳಗೆ ಅಕ್ಕನಾಗ ಕೆಮ್ಮಿದಳು. ಒಂದೇ ಸಲ. ಶಂಕರಮ್ಮನ ಕೈಯ ತಂಬಿಗೆ ಹಾಗೇ ನಿಂತಿತು.

ಕಾಗದ ಬಂದಾಗಿನಿಂದ ಒಂದು ಸುಳ್ಳು ಹೊಂದಿಸಿ ಇಟ್ಟುಕೊಂಡಿದ್ದೆ — ನೆಗಡಿ, ನಿನ್ನೆಯಿಂದ ಅಂತ. ಬೆಳಿಗ್ಗೆ ಲಿಂಗ ಅಂಗೈಯಲ್ಲಿ ಹಿಡಿದ ಕೈ ಇದು. ಆಗಲಿಲ್ಲ. ಎಲ್ಲ ಹೇಳಿದೆ. ಚಿಂದಿ, ಸೆಗಣಿ, ಬೂಸ್ಟು, ಡಾಕ್ಟರು, ನಾನು ಬಳ್ಳಾರಿಗೆ ಕಳಿಸದೆ ಇದ್ದದ್ದು.

ಶಂಕರಮ್ಮ ತಂಬಿಗೆ ಕೆಳಗಿಟ್ಟಳು.

"ಬಾಗಿಲು ಕೆಮ್ಮಸ್ತದ ಅಂತ ನಾ ಎಲ್ಲೂ ಕೇಳಿಲ್ಲ. ನಾಳೆ ಅದನ್ನ ತಿರುಗಿ ಹಚ್ಚಸು. ನಾ ಒಳಗ ಕುಂದರ್ತೀನಿ."

೨೪, ಮಂಗಳವಾರ

ಚಿನ್ನಪ್ಪ ಬಾಗಿಲು ಹಚ್ಚಿದ, ಮುರಿದ ಕಡೆ ಹಲಗೆ ತುಂಡು ಬಡಿದು. ಶಂಕರಮ್ಮ ಒಳಗೆ ಹೋದಳು. ಹಂಡೆಯ ನೀರೆಲ್ಲ ತಾನೇ ಹಾಕಿಕೊಂಡಳು. ಹೊರಗೆ ಕಟ್ಟೆಯ ಮೇಲೆ ನಾನು. ಒಂದು ಕೆಮ್ಮು ಬರಲಿ ಅಂತ ಕಾದೆ. ಇನ್ನೊಬ್ಬರ ಎದೆ ಕೆಡಲಿ ಅಂತ ಕಾದೆ. ಎಂಥ ಭಕ್ತೆ ನಾನು.

ಬರಲಿಲ್ಲ. ಕೆಂಪು ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನನಗೇನೂ ಆಗ್ಲಿಲ್ಲ ನೋಡು."

"ಆಕಿ ಅರವತ್ತು ದಿನ ಕುಂತಾಳ್ರಿ ಯಕ್ಕಾ. ನೀವು ಒಂದು ದಿನ."

ಊಟಕ್ಕೆ ಕೂತಾಗ ಶಂಕರಮ್ಮ ಹೇಳಿದಳು. ದನಿ ಏರಿಸಲಿಲ್ಲ, ಅದೇ ಹೆದರಿಕೆ.

"ಶನಿವಾರದ ತನಾ ಇರ್ತೀನಿ. ಬಾಗಿಲು ತಗಸು. ಕೆಮ್ಮು ನಿಂತ್ರ ಇಬ್ರನ್ನೂ ಕರ್ಕೊಂಡು ಹೋಗ್ತೀನಿ. ನಿಲ್ಲಲಿಲ್ಲಾ, ಕೂಸೊಂದೇ. ಹಿರೇ ಸೊಸಿಗೂ ಹಾಲೈತಿ, ಕುಡಸ್ತಾಳ. ಆಕಿ ಇಲ್ಲೇ ಇರ್ಲಿ. ನನ್ನ ಕಟುಕಿ ಅನಬ್ಯಾಡ ತಂಗೀ. ಒಂದು ಹೆಣಾ ಎತ್ತೀನಿ ನಾನು."

ಕಟುಕಿ ಅನ್ನಲಿಲ್ಲ. ಅನ್ನುವ ಬಾಯಿ ಎಲ್ಲಿದೆ ನನಗೆ.

೨೫

ಒಂದು ಸಲ.

೨೬

ಇಲ್ಲ. ಬಿಸಿಲು ಬಿತ್ತು ಇವತ್ತು.

೨೭, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ಅಕ್ಕನಾಗ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೆರಗು ಬಾಯಲ್ಲಿ ತುರುಕಿಕೊಂಡಿದ್ದಳು. ಭುಜ ಕುಲುಕುತ್ತಿತ್ತು, ಸದ್ದಿಲ್ಲ. ಕಣ್ಣಿಂದ ನೀರು.

"ಎಷ್ಟು ಸಲ?"

"ಇದೊಂದೇ ಅವ್ವಾ, ನಿನ್ನಾಣಿ. ಒಗ್ಗರಣಿ ಘಾಟು. ಅತ್ತಿಗೆ ಹೇಳಬ್ಯಾಡ... ಕೂಸನ್ನ ಒಯ್ತಾರ."

ನಾನು ತುರುಕಿದ ಚಿಂದಿಯೇ ನೆನಪಾಯಿತು. ಮುಚ್ಚಿಟ್ಟು ಮುಚ್ಚಿಟ್ಟೇ ಇಷ್ಟಾಯಿತು. ಸೆರಗು ಬಿಡಿಸಿದೆ. ಕೆಮ್ಮು, ಗಟ್ಟಿಯಾಗಿ ಕೆಮ್ಮು ಅಂದೆ. ಕೆಮ್ಮಿದಳು. ಒಂದು. ಮುಗಿಯಿತು.

ಹೋಗಿ ಶಂಕರಮ್ಮನಿಗೆ ಹೇಳಿಬಿಟ್ಟೆ. ಮಗಳು ನನ್ನನ್ನು ನೋಡಿದ ನೋಟ ಸಾಯುವ ತನಕ ಮರೆಯಲಾರೆ.

ಶಂಕರಮ್ಮ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ಕೇಳಿಸ್ತು" ಅಂದಳು. ಅಷ್ಟೇ.

೨೮, ಶನಿವಾರ

ಬೆಳಿಗ್ಗೆ ಕೆಮ್ಮಿಲ್ಲ. ಆದರೂ ಇಬ್ಬರೋ ಕೂಸೊಂದೋ ಇನ್ನೂ ಗೊತ್ತಿಲ್ಲ. ಎರಡು ಗಂಟು ಕಟ್ಟಿದೆ. ಒಂದು ಕೂಸಿನದು, ಒಂದು ಅಕ್ಕನಾಗನದು. ಎರಡನ್ನೂ ನಾನೇ ಬಸ್ ಸ್ಟ್ಯಾಂಡಿಗೆ ಒಯ್ದೆ. ಕೂಸು ಶಂಕರಮ್ಮನ ಕೈಯಲ್ಲೇ. ಅಕ್ಕನಾಗ ಹಿಂದೆ, ನನ್ನ ಸಂಗಡ ಮಾತಿಲ್ಲ.

ಆಲೂರು ಬಸ್ಸು ಬಂತು. ಶಂಕರಮ್ಮ ಕೂಸನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಕೂತಳು. ಅಕ್ಕನಾಗ ಕೆಳಗೆ ಧೂಳಿನಲ್ಲಿ ನಿಂತಿದ್ದಳು, ಎರಡೂ ಕೈ ಖಾಲಿ. ಡ್ರೈವರ್ ಹಾರನ್ ಹೊಡೆದ.

"ಏನ್ ನಿಂತಿ? ಹತ್ತು" ಅಂದಳು ಶಂಕರಮ್ಮ. "ಗಂಟು ಯಾರು ಹೊರ್ತಾರ, ನಿಮ್ಮವ್ವನಾ?"

ಹತ್ತಿದಳು. ಶಂಕರಮ್ಮ ಸರಿದು ಕಿಟಕಿಯ ಜಾಗ ಬಿಟ್ಟಳು, ಗಾಳಿ ಬರುವ ಕಡೆ. ಕೂಸನ್ನು ಆಕೆಯ ತೊಡೆಗೆ ಹಾಕಿದಳು. ಆಮೇಲೆ ನನ್ನ ಕಡೆ ಬಗ್ಗಿ,

"ನಿನ್ನೆ ನೀ ಹೇಳದಿದ್ರ ಈಕಿನ್ನ ಒಯ್ತಿದ್ದಿಲ್ಲ ನೋಡು. ಸೋಮವಾರ ಬಳ್ಳಾರಿಗೂ ಹೋಗಿ ಬರ್ತೀವಿ. ಆ ಎಕ್ಸ್‌ರೇ ತಗಸೇ ಬಿಡೂಣು" ಅಂದಳು.

ಬಸ್ಸು ತಿರುಗುವಾಗ ಅಕ್ಕನಾಗ ನನ್ನನ್ನು ನೋಡಿದಳು. ನಿನ್ನೆಯ ನೋಟವಲ್ಲ.

ಮನೆಗೆ ಬಂದರೆ ಚಿನ್ನಪ್ಪ ಬೇವಿನ ಹಲಗೆ ಇಳಿಸುತ್ತಿದ್ದ. ಬಚ್ಚಲೊಳಗೆ ಹಂಡೆಯ ತನಕ ಬಿಸಿಲು ಬಿದ್ದಿತ್ತು. ಅಳತೆ ಹಿಡಿದು, ನೆಲಕ್ಕೆ ಮುಟ್ಟೋ ಹಂಗ ಮಾಡ್ಲೇನಮ್ಮಾ ಅಂತ ಕೇಳಿದ. ಬೇಡ ಅಂದೆ. ಕೆಳಗೆ ನಾಲ್ಕು ಬೆರಳು ಬಿಡು. ಮೇಲೆ ಒಂದು ಗೇಣು, ಬೆಳಕು ಬರುವಷ್ಟು. ಸಂದಿಗೆ ಇನ್ನು ಚಿಂದಿ ತುರುಕುವವರಿಲ್ಲ.