ಶೀಲಾಳ ಮೂರನೆಯ ಗುಲಾಬಿ

ಜೂನ್ ೧೮, ಬುಧವಾರ. ಕಲಬುರಗಿ.

ಕಾರವಾರಕ್ಕೆ ವರ್ಗವಾಗಿರುವ ತಂಗಿ ಶೀಲಾ ಮತ್ತೆ ಫೋನ್ ಮಾಡಿದ್ದಳು. ನನ್ನ ನರ್ಸರಿಯಿಂದ ಕಳಿಸಿದ ಮೂರನೆಯ ಗುಲಾಬಿಯೂ ಕಡಲಿನ ಉಪ್ಪುಗಾಳಿಗೆ ಸುಟ್ಟುಹೋಯಿತಂತೆ. ಕೊನೆಗೆ ಹೇಳಿಬಿಟ್ಟೆ: "ಗುಲಾಬಿ ಬಿಡವ್ವ, ಅಲ್ಲಿಯವೇ ಹಚ್ಚು. ಸುರಹೊನ್ನಿ, ಕ್ಯಾದಗಿ, ಹೊಂಗಿ."

"ಹೊಂಗಿ ಅಂದ್ರ ನಮ್ಮ ಕಮಲಾಪುರದ ಮನಿ ಮುಂದಿಂದೇನಣ್ಣ?"

"ಅದೇ. ಸಮುದ್ರದ ದಂಡಿಗೂ ತಾನೇ ಬೆಳೀತದ. ಬೇರು ಹಿಡೀತಂದ್ರ ನೀರೂ ಕೇಳಂಗಿಲ್ಲ."

"ಮತ್ತ ಮೊದಲೇ ಯಾಕ ಹೇಳಲಿಲ್ಲ?" ಎಂದು ಬೈದು ನಕ್ಕಳು, ಹುಚ್ಚಿ.

ಏನು ಹೇಳಲಿ? ಮೊದಲನೆಯದೇ ಬದುಕದು ಎಂದು ನನಗೆ ಗೊತ್ತಿತ್ತು. ಆದರೆ ಎಲೆ ಹಳದಿಯಾದರೆ ಫೋನ್, ಮೊಗ್ಗು ಉದುರಿದರೆ ಫೋನ್. ಮದುವೆಯಾದ ಮೇಲೆ ಅವಳು ನನ್ನೊಡನೆ ಇಷ್ಟು ಮಾತಾಡಿದ್ದೇ ಇಲ್ಲ. ಹೊಂಗೆಗೆ ಯಾರ ಉಪಚಾರವೂ ಬೇಡ.

ನಾಳೆ ಇನ್ನೊಂದೇ ಒಂದು ಗುಲಾಬಿ ಕಳಿಸಿದರೆ...