ಉಪ್ಪಿಗೊಂದು ಸಮಿತಿ

ಕೈರೋ. ರಂಜಾನ್ ಹದಿನೇಳು, ರಾತ್ರಿ.

ಇವತ್ತಿನ ಅಲಸಂದೆ ಸಾರು ಬಾಯಿಗಿಡುವ ಹಾಗಿರಲಿಲ್ಲ, ಬರೀ ಉಪ್ಪು. ಹಗಲೆಲ್ಲ ಹನಿ ನೀರು ಕುಡಿಯದೆ ದುಡಿದು ಬಂದ ಕೂಲಿಯವರು, ಆಜಾನ್ ಕೇಳಿಸಿದ ಮೇಲೆ ಮೊದಲ ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಮ್ಮ ಓಣಿಯ ಈ ಧರ್ಮದೂಟವನ್ನು ಮೊದಲು ನಾನು, ಗೆಳತಿ ಇನ್ಶಿರಾಹ್ ಇಬ್ಬರೇ ನಡೆಸುತ್ತಿದ್ದೆವು. ಒಂದೇ ಹಂಡೆ. ಉಪವಾಸವಿದ್ದು ಅಡುಗೆ ಮಾಡುವವರು ರುಚಿ ನೋಡುತ್ತಿರಲಿಲ್ಲ, ಆದರೂ ಉಪ್ಪು ತಪ್ಪಿದ್ದಿಲ್ಲ. ಹಾಕುವ ಕೈ ಅವಳದೊಂದೇ ಆಗಿತ್ತು. ಈಗ ಕಾಳು ನೆನೆಹಾಕಲು ಒಂದು ತಂಡ, ಬೇಯಿಸಲು ಒಂದು, ಬಡಿಸಲು ಒಂದು, ಖರ್ಜೂರ ಹಂಚಲು ಒಂದು, ಎಲ್ಲರ ಮೇಲೆ ವಗ್ದಿ ಎಂಬ ಅಧ್ಯಕ್ಷ.

ವಿಚಾರಿಸಿದೆ. ನೆನೆಹಾಕಿದವರು ಉಪ್ಪು ಹಾಕಿದ್ದರಂತೆ. ಬೇಯಿಸಿದವರೂ ಹಾಕಿದರಂತೆ. ಬಡಿಸುವವರು, "ಅವರು ಮರೆತಿರ್ತಾರೆ ಅಂತ ನಾವೇ ಇನ್ನೊಂದು ಹಿಡಿ ಹಾಕಿದ್ವಿ, ಹಾಜಮ್ಮ" ಅಂದರು. ಹಜ್ ಮಾಡಿ ಬಂದವಳೆಂದು ಎಲ್ಲರೂ ನನ್ನನ್ನು ಕರೆಯುವುದೇ ಹಾಗೆ. ಎಲ್ಲರೂ ಒಳ್ಳೆಯವರೇ. ಸಂಕಟ ಅದೇ.

"ಒಂದು ಮಾತು ಕೇಳೋಕೆ ನಿಮ್ಮ ಬಾಯಿಗೇನಾಗಿತ್ರೋ? ಮಾತಾಡಿದ್ರೆ ಉಪವಾಸ ಮುರಿಯತ್ತಾ?"

ವಗ್ದಿ ನಕ್ಕ. "ಬೇಜಾರ್ ಮಾಡ್ಕೋಬೇಡಿ ಹಾಜಮ್ಮ. ನಾಳೆಯಿಂದ ಉಪ್ಪಿಗೇ ಒಂದು ಸಮಿತಿ ಮಾಡಿದೀನಿ. ಐದು ಜನ."

"ಅದರಲ್ಲಿ ಇನ್ಶಿರಾಹ್ ಇದಾಳಾ?"

"ಅವರು ಖರ್ಜೂರದ ತಂಡದಲ್ಲಿದಾರಲ್ಲ!"

ತಂಡಗಳೆಲ್ಲ ಸಭೆಗೆ ಹೋದವು. ನಾನು ಹೊರಡುವಾಗ ಇನ್ಶಿರಾಹ್ ಒಬ್ಬಳೇ ಕೂತು, ತಳ ಹಿಡಿದ ಹಂಡೆಯನ್ನು ಉಜ್ಜುತ್ತಿದ್ದಳು. ಅದು ಯಾವ ತಂಡದ ಕೆಲಸವೂ ಅಲ್ಲವಂತೆ.